ಕೆಂಪು ಹರಳಿನ ಒಳಗೆ ಏನಿದೆ?

ದಾವಣಗೆರೆಯ ಮಂಡಿಪೇಟೆ ಕಡೆ ಚಿನ್ನದಂಗಡಿಯಲ್ಲಿ ಕೆಂಪು ಹರಳಿನ ಓಲೆ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವ ಮಾತು ಒಂದೇ: "ಇದು ಅಸಲಿನಾ, ಡೂಪ್ಲಿಕೇಟಾ?" ನನ್ನ ಪ್ರಕಾರ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: "ಒಳಗೆ ಗಾಜು ತುಂಬಿದ್ದಾರಾ?"

ಮಾಣಿಕ್ಯ ಅಂದರೆ ಕುರುಂದ. ಅಲ್ಯೂಮಿನಿಯಂ, ಆಕ್ಸಿಜನ್ ಸೇರಿದ ಖನಿಜ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅಲ್ಲಲ್ಲಿ ಅಲ್ಯೂಮಿನಿಯಂ ಜಾಗದಲ್ಲಿ ಕ್ರೋಮಿಯಂ ಬಂದು ಕೂತರೆ ಕೆಂಪಾಗುತ್ತದೆ. ಈ ಕ್ರೋಮಿಯಂ ಹಸಿರು, ನೇರಳೆ ಬೆಳಕನ್ನು ನುಂಗಿ, ಅದರಲ್ಲಿ ಸ್ವಲ್ಪವನ್ನು ಕೆಂಪು ಬೆಳಕಾಗಿ ಹೊರಬಿಡುತ್ತದೆ. ಒಳ್ಳೆಯ ಹರಳನ್ನು ಬಿಸಿಲಿಗೆ ಹಿಡಿದರೆ ಬೆಳಕು ಒಳಗಿಂದಲೇ ಬರುತ್ತಿದೆ ಅನಿಸುತ್ತದಲ್ವಾ, ಅದಕ್ಕೆ ಇದೇ ಕಾರಣ.

ಚಿತ್ರದುರ್ಗದ ಕೋಟೆ ಬಂಡೆಗಳಲ್ಲಿ ಎಷ್ಟು ಹುಡುಕಿದರೂ ಮಾಣಿಕ್ಯ ಸಿಗದು. ಅದು ಗ್ರಾನೈಟ್, ಅದರಲ್ಲಿ ಸಿಲಿಕಾ (ಮರಳಿನಲ್ಲಿರುವ ವಸ್ತು) ಜಾಸ್ತಿ. ಸಿಲಿಕಾ ಇದ್ದಲ್ಲಿ ಅಲ್ಯೂಮಿನಿಯಂ ಅದರ ಜೊತೆ ಸೇರಿ ಫೆಲ್ಡ್‌ಸ್ಪಾರ್, ಅಭ್ರಕ ಎಂಬ ಬೇರೆ ಖನಿಜಗಳಾಗಿಬಿಡುತ್ತದೆ. ಕುರುಂದಕ್ಕೆ ಏನೂ ಉಳಿಯುವುದಿಲ್ಲ. ಬರ್ಮಾದ ಮೊಗೋಕ್‌ನ ಹೆಸರಾಂತ ಮಾಣಿಕ್ಯ ಹುಟ್ಟಿದ್ದು ಅಮೃತಶಿಲೆಯಲ್ಲಿ. ಅಲ್ಲಿ ಸಿಲಿಕಾ ಕಡಿಮೆ, ಆ ಹೊಳಪನ್ನು ಮಂಕು ಮಾಡುವ ಕಬ್ಬಿಣವೂ ಕಡಿಮೆ.

ಮೋಸ್ ಅಳತೆಯಲ್ಲಿ ಇದರ ಗಡಸುತನ 9. ವಜ್ರಕ್ಕೆ 10. ರಸ್ತೆ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿ 7. ಹಾಗಾಗಿ ಧೂಳು ತಾಗಿದರೂ ಗೀರು ಬೀಳದು, ದಿನಾ ಹಾಕುವ ಉಂಗುರಕ್ಕೆ ಮಾಣಿಕ್ಯ ಒಳ್ಳೆಯದು. ಕೆಂಪು ಗಾಜಿನ ಹರಳಾದರೆ ಬೇಗ ಗೀರು ಬಿದ್ದು ಮಂಕಾಗುತ್ತದೆ.

1902ರಲ್ಲಿ ಫ್ರಾನ್ಸ್‌ನ ರಸಾಯನ ವಿಜ್ಞಾನಿ ವೆರ್ನೂಯಿ, ಅಲ್ಯೂಮಿನಾ (ಅಲ್ಯೂಮಿನಿಯಂ, ಆಕ್ಸಿಜನ್ ಸೇರಿದ) ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದರು. ಅದು ಗಾಜಲ್ಲ, ಅಪ್ಪಟ ಕುರುಂದ. 1960ರಲ್ಲಿ ಅಮೆರಿಕದ ವಿಜ್ಞಾನಿ ಮೈಮನ್ ಮಾಡಿದ ಮೊದಲ ಲೇಸರ್‌ನಲ್ಲಿ ಇದ್ದದ್ದೂ ಹೀಗೆ ಬೆಳೆಸಿದ ಮಾಣಿಕ್ಯವೇ. ಬೆಲೆ ಕಡಿಮೆ ನಿಜ, ಆದರೆ ಬೆಳೆಸಿದ್ದೆಂದು ಹೇಳಿ ಮಾರಿದರೆ ತಪ್ಪೇನೂ ಇಲ್ಲ.

ನನಗೆ ಚಿಂತೆ ಗಾಜು ತುಂಬಿದ ಹರಳಿನದ್ದು. ಬಿರುಕು ಬಿಟ್ಟ ಅಗ್ಗದ ಹರಳನ್ನು ಕಾಯಿಸಿ, ಬಿರುಕಿನೊಳಗೆ ಸೀಸದ ಗಾಜು ಇಳಿಸುತ್ತಾರೆ. ಬರಿಗಣ್ಣಿಗೆ ಎಷ್ಟು ಚೆಂದ! ಭೂತಗನ್ನಡಿ ಹಿಡಿದು ಓಲಾಡಿಸಿ ನೋಡಿ. ಒಳಗೆ ಸಣ್ಣ ಗುಳ್ಳೆಗಳು, ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಕಾಣಬಹುದು. ಹುಳಿ ತಾಕಿದರೆ ಈ ಗಾಜು ಸವೆಯುತ್ತದೆ. ಒಡವೆ ಬೆಳಗಲು ನಿಂಬೆಹಣ್ಣು, ಹುಣಸೆಹಣ್ಣು ಬೇಡ. ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆ ಬ್ರಷ್ ಸಾಕು. ಅಜ್ಜಿ ಕಾಲದ ಓಲೆಗಳಲ್ಲಿ ಹರಳಿನ ಹಿಂದೆ ತೆಳು ತಗಡಿಟ್ಟು ಮುಚ್ಚಿ ಕಟ್ಟಿರುವುದುಂಟು. ಅಂಥವನ್ನು ನೀರಲ್ಲಿ ನೆನೆಸಲೇಬೇಡಿ, ತಗಡು ಕಪ್ಪಾಗುತ್ತದೆ.

ಬೆಸುಗೆಗೆ ಕೊಡುವಾಗ ಹರಳು ಬಿಚ್ಚಿ ಕೆಲಸ ಮಾಡುವಂತೆ ಪತ್ತಾರರಿಗೆ ಮೊದಲೇ ಹೇಳಿ. ಉರಿಯಲ್ಲಿ ಬೆಸುಗೆಯ ಬಿಳಿಗಾರ ತಾಕಿದರೆ ಅಸಲಿ ಮಾಣಿಕ್ಯದ ಮೈಯೂ ಸವೆಯುತ್ತದೆ.