ಮೈಕ್ ಇಲ್ಲದೆಯೂ ಕೊನೆಯ ಸಾಲಿಗೆ ಮಾತು ಕೇಳಿಸುವುದು ಹೇಗೆ?

ಓದುಗರ ಪ್ರಶ್ನೆ: ಜೆ.ಪಿ. ನಗರದ ರಂಗಶಂಕರದಲ್ಲಿ ನಟರು ಮೈಕ್ ಬಳಸದೆ ಆಡಿದ ನಾಟಕ ಹಿಂದಿನ ಸಾಲಿನವರೆಗೂ ಸ್ಪಷ್ಟವಾಗಿ ಕೇಳುತ್ತದೆ. ಅಂಥದ್ದೇ ನಾಟಕವನ್ನು ದೊಡ್ಡ ಸಭಾಂಗಣವೊಂದರಲ್ಲಿ ನೋಡಿದರೆ ಮೈಕ್ ಇದ್ದೂ ಅರ್ಧ ಮಾತು ಕಲಸಿಹೋಗುತ್ತದೆ. ಇದು ನಟರ ಕಂಠದ ವ್ಯತ್ಯಾಸವೇ, ಕಟ್ಟಡದ್ದೇ?

ಉತ್ತರ: ಕಂಠದ ಪಾಲು ಇಲ್ಲವೆಂದಲ್ಲ, ಆದರೆ ದೊಡ್ಡ ಪಾಲು ಕಟ್ಟಡದ್ದೇ. ಅದರಲ್ಲೂ ಗೋಡೆಗೆ ಹಲಗೆ ಹೊಡೆಯುವುದಕ್ಕಿಂತ, ಕುರ್ಚಿಗೆ ಬಟ್ಟೆ ಹೊದಿಸುವುದಕ್ಕಿಂತ ಬಹಳ ಮೊದಲೇ ನಕ್ಷೆಯಲ್ಲಿ ತೀರ್ಮಾನವಾಗಿಬಿಡುವ ಎರಡು ಸಂಗತಿಗಳು ಮುಖ್ಯ: ನಟರಿಗೂ ಪ್ರೇಕ್ಷಕರಿಗೂ ನಡುವಿನ ದೂರ, ಮತ್ತು ಸಭಾಂಗಣದ ಒಟ್ಟು ಗಾತ್ರ.

ನಟರ ಬಾಯಿಂದ ನೇರವಾಗಿ ಬರುವ ದನಿ, ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಆದ್ದರಿಂದ ಕೊನೆಯ ಸಾಲನ್ನು ಹತ್ತಿರ ತರುವುದೇ ವಾಸ್ತುಶಿಲ್ಪಿಯ ಮೊದಲ ಕೆಲಸ. ಶಂಕರ್ ನಾಗ್ ಅವರ ನೆನಪಿಗಾಗಿ ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ ಕಟ್ಟಲಾದ, 2004ರಲ್ಲಿ ತೆರೆದ ರಂಗಶಂಕರದಲ್ಲಿ ಸುಮಾರು 320 ಆಸನಗಳಷ್ಟೇ ಇವೆ. ಅಲ್ಲಿನ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿರುವ ಥ್ರಸ್ಟ್ ಮಾದರಿಯದು. ಮೂರು ಬದಿಗಳಲ್ಲಿ ಜನ ಕೂರುವುದರಿಂದ ಅಷ್ಟೇ ಮಂದಿಯನ್ನು ಕಡಿಮೆ ಸಾಲುಗಳಲ್ಲಿ ಹಿಡಿಸಬಹುದು. ಸಾಲುಗಳನ್ನು ಮೆಟ್ಟಿಲಿನಂತೆ ಏರಿಸುವುದು ನೋಟಕ್ಕಾಗಿ ಮಾತ್ರ ಎಂದು ಅನೇಕರು ಭಾವಿಸುತ್ತಾರೆ. ಆದರೆ ಅದು ಕೇಳುವುದಕ್ಕೂ ಬೇಕು: ಸಮತಟ್ಟಾದ ನೆಲದಲ್ಲಿ ಮುಂದಿನವರ ತಲೆ, ಹೆಗಲುಗಳನ್ನು ಸವರಿಕೊಂಡು ಬರುವ ದನಿಯನ್ನು ಅವರ ಮೈ, ಬಟ್ಟೆಗಳೇ ಹೀರಿಕೊಳ್ಳುತ್ತವೆ. ನಟರ ಮುಖ ಚೆನ್ನಾಗಿ ಕಾಣುವ ಜಾಗದಲ್ಲಿ ಅವರ ಮಾತೂ ಸಾಮಾನ್ಯವಾಗಿ ಚೆನ್ನಾಗಿ ಕೇಳುತ್ತದೆ.

ನೇರ ದನಿಯ ಬೆನ್ನಿಗೇ ಗೋಡೆ, ಚಾವಣಿಗಳಿಂದ ಪುಟಿದ ದನಿ ಬರುತ್ತದೆ. ಇದು ಸುಮಾರು 50 ಮಿಲಿಸೆಕೆಂಡ್‌ಗಳ ಒಳಗೆ, ಅಂದರೆ ನೇರ ದಾರಿಗಿಂತ 17 ಮೀಟರ್‌ಗೂ ಕಡಿಮೆ ಹೆಚ್ಚುವರಿ ದಾರಿ ಸವೆಸಿ ಬಂದರೆ, ಕಿವಿ ಅದನ್ನು ಮೂಲ ದನಿಯೊಂದಿಗೇ ಸೇರಿಸಿಕೊಂಡು ಮಾತಿಗೆ ಬಲ ಕೊಡುತ್ತದೆ. ತಡವಾಗಿ ಬಂದರೆ ಅದೇ ದನಿ ಶತ್ರುವಾಗುತ್ತದೆ. ಕನ್ನಡದಲ್ಲಿ ಸ್ವರಗಳು ದೊಡ್ಡದಾಗಿ ಮೊಳಗುತ್ತವೆ, ಕ, ತ, ಪ ಮುಂತಾದ ವ್ಯಂಜನಗಳು ಕ್ಷಣದಲ್ಲಿ ಮುಗಿಯುತ್ತವೆ. ಹಿಂದಿನ ಅಕ್ಷರದ ಗುಂಗು ಇನ್ನೂ ಉಳಿದಿರುವಾಗ ಮುಂದಿನ ವ್ಯಂಜನ ಅದರಲ್ಲಿ ಮುಳುಗಿ, ‘ತಲೆ’ಯೋ ‘ಕಲೆ’ಯೋ ತಿಳಿಯದಂತಾಗುತ್ತದೆ. ಕಲಸಿದಂತೆ ಕೇಳುವುದು ಇದಕ್ಕೇ. ಇಲ್ಲಿ ಮೈಕಿನ ಸದ್ದು ಏರಿಸಿದರೆ ಗುಂಗೂ ಅಷ್ಟೇ ಏರುತ್ತದೆ.

ಈ ಗುಂಗು ಆರಲು ಹಿಡಿಯುವ ಸಮಯವನ್ನು ಲೆಕ್ಕ ಹಾಕುವ ಸೂತ್ರವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಾಬಿನ್ 19ನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡರು: ಸಭಾಂಗಣದ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ (ಒಳಗಿನದೆಲ್ಲ ಸೇರಿ, ದನಿಯನ್ನು ಪೂರ್ತಿ ಹೀರುವ ಎಷ್ಟು ಚದರ ಮೀಟರ್ ಮೇಲ್ಮೈಗೆ ಸಮವೋ ಅದರಿಂದ) ಭಾಗಿಸಬೇಕು. ಮಾತಿಗೆ ಈ ಸಮಯ ಸುಮಾರು ಒಂದು ಸೆಕೆಂಡ್ ಅಥವಾ ತುಸು ಕಡಿಮೆ ಇರಬೇಕು. ಉದಾಹರಣೆಗೆ, 1,500 ಘನ ಮೀಟರ್‌ಗಳ, 320 ಆಸನಗಳ ಸಭಾಂಗಣಕ್ಕೆ ಸುಮಾರು 240 ಚದರ ಮೀಟರ್ ಹೀರುವಿಕೆ ಬೇಕು. ಒಬ್ಬ ಪ್ರೇಕ್ಷಕನಿಂದ ಅರ್ಧ ಚದರ ಮೀಟರ್ ಎಂದಿಟ್ಟುಕೊಂಡರೆ ಜನರಿಂದಲೇ 160 ಬರುತ್ತದೆ, ಉಳಿದದ್ದನ್ನು ಪರದೆಗಳೂ ಹಿಂಬದಿಯ ಗೋಡೆಯೂ ನೋಡಿಕೊಳ್ಳುತ್ತವೆ. ಅದೇ ಸಾವಿರ ಆಸನಗಳ, ಎತ್ತರದ ಚಾವಣಿಯ 8,000 ಘನ ಮೀಟರ್‌ಗಳ ಸಭಾಂಗಣದಲ್ಲಿ ಜನರಿಂದ ಸಿಗುವುದು 500, ಬೇಕಾದದ್ದು ಸುಮಾರು 1,290. ಈ ಕೊರತೆಯನ್ನು ಹಲಗೆ, ರತ್ನಗಂಬಳಿಗಳಿಂದ ತುಂಬಿದರೆ ಗುಂಗು ತಗ್ಗುತ್ತದೆ ನಿಜ, ಆದರೆ ಅದರೊಂದಿಗೆ ಮಾತಿಗೆ ಬಲ ಕೊಡುತ್ತಿದ್ದ ದನಿಯೂ ಹೀರಿಹೋಗಿ ಮೈಕ್ ಅನಿವಾರ್ಯವಾಗುತ್ತದೆ. ಹೊದಿಕೆ ಹೆಚ್ಚಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಸುಳ್ಳಾಗುವುದು ಇಲ್ಲಿಯೇ.

ಸಂಗೀತದ ಬೇಡಿಕೆ ಬೇರೆ. ವಾದ್ಯಗಳಿಗೆ ತುಸು ದೀರ್ಘವಾದ ಗುಂಗು ಹಿತವಾಗುತ್ತದೆ. ಹೀಗಾಗಿ ಒಂದೇ ಸಭಾಂಗಣ ನಾಟಕ, ಕಛೇರಿ, ಸನ್ಮಾನ, ಶಾಲಾ ವಾರ್ಷಿಕೋತ್ಸವ ಎಲ್ಲಕ್ಕೂ ಒದಗಬೇಕೆಂಬ ನಮ್ಮ ನಗರದ ರೂಢಿ ಲಾಭದಾಯಕವಿರಬಹುದು, ನಾಟಕಕ್ಕಂತೂ ಅದರಿಂದ ನಷ್ಟವೇ ಎಂಬುದು ನನ್ನ ಅಭಿಪ್ರಾಯ. (ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿರುವುದರಿಂದ ಒಳಗೆ ನಾದ ಚೆನ್ನಾಗಿರುತ್ತದೆಯೇ ಎಂದೂ ಕೆಲವರು ಕೇಳುವುದುಂಟು. ನಾದವನ್ನು ನಿರ್ಧರಿಸುವುದು ಒಳಗೋಡೆಗಳ ರೂಪವೇ ಹೊರತು ಹೊರಗಿನ ಆಕಾರವಲ್ಲ.)

ಇನ್ನು ನಿಶ್ಶಬ್ದದ ವಿಷಯ. ಬೆಂಗಳೂರಿನ ರಸ್ತೆಯ ಸದ್ದನ್ನು ತಡೆಯಲು ಭಾರವಾದ ಗೋಡೆಗಳೂ, ನಡುವೆ ಚಿಕ್ಕ ಕೋಣೆಯಿರುವ ಜೋಡಿ ಬಾಗಿಲುಗಳೂ ಬೇಕು. ಒಂದು ಬಾಗಿಲು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆದರೆ ಸದ್ದಿನ ಜೊತೆಗೆ ಬೆಳಕೂ ಒಳನುಗ್ಗುವುದಿಲ್ಲ. ಎ.ಸಿ.ಯ ಕೊಳವೆಗಳನ್ನು ಅಗಲವಾಗಿಸಿ ಗಾಳಿಯನ್ನು ನಿಧಾನವಾಗಿ ಬಿಡಬೇಕು. ಬರೀ ತಗಡಿನ ಚಾವಣಿಯಿದ್ದರೆ ಮುಂಗಾರಿನ ಒಂದು ಜೋರು ಮಳೆಗೆ ಇಡೀ ಅಂಕವೇ ಕೇಳದಂತಾಗುತ್ತದೆ.

ಥ್ರಸ್ಟ್ ರಂಗಕ್ಕೂ ದೋಷವಿದೆ: ನಟರು ಎತ್ತ ತಿರುಗಿದರೂ ಯಾರಿಗಾದರೂ ಬೆನ್ನು ಕಾಣುತ್ತದೆ, ಮತ್ತು ವ್ಯಂಜನಗಳ ಸ್ಪಷ್ಟತೆಗೆ ಬೇಕಾದ ತಾರಸ್ಥಾಯಿಯ ದನಿ ಬೆನ್ನಿನ ಕಡೆಗೆ ಬಹಳ ಕಡಿಮೆ ಹೋಗುತ್ತದೆ. ಅಲ್ಲಿ ಟಿಕೆಟ್ ತೆಗೆದುಕೊಳ್ಳುವಾಗ ಬದಿಯ ತುದಿಗಿಂತ ನಡುವಿನ ಭಾಗದ ಹಿಂದಿನ ಸಾಲು ಮೇಲು. ಬಾಲ್ಕನಿಯಿರುವ ದೊಡ್ಡ ಸಭಾಂಗಣವಾದರೆ, ಬಾಲ್ಕನಿಯ ಅಡಿಯ ಕೊನೆಯ ಸಾಲುಗಳಿಗೆ ಚಾವಣಿಯಿಂದ ಪುಟಿದ ದನಿ ತಲುಪುವುದಿಲ್ಲವಾದ್ದರಿಂದ, ಅದಕ್ಕಿಂತ ಬಾಲ್ಕನಿಯ ಮುಂದಿನ ಸಾಲನ್ನೇ ಕೇಳಿ ಪಡೆಯಿರಿ.