ಐಟಿ ಇಂಟರ್ನ್‌ಶಿಪ್: ಭತ್ಯೆಯ ಮಾತನ್ನು ಮೊದಲೇ ಆಡಿ

ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡುವ ಹಾಗೂ ಅವರ ಕೆಲಸದ ಮೇಲ್ವಿಚಾರಣೆ ನಡೆಸುವ ಹೊಣೆ ನನ್ನದು. ಅರ್ಜಿ ಹಾಕುವವರಲ್ಲಿ ಬಹಳ ಮಂದಿ ಭತ್ಯೆ ಎಷ್ಟೆಂದು ಕೇಳಲು ಅಳುಕುತ್ತಾರೆ. ಕೇಳಿದರೆ ಅವಕಾಶವೇ ಕೈತಪ್ಪೀತೆಂಬ ಭಯ ಅವರದು. ಈ ಭಯವನ್ನು ಬಿಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಹಣ ಕೊಡಲು ಒಪ್ಪಿದ ಸಂಸ್ಥೆಯಲ್ಲಿ ಆ ಖರ್ಚಿಗೆ ಯಾರಾದರೊಬ್ಬರು ಮೇಲಿನವರಿಗೆ ಉತ್ತರ ಹೇಳಬೇಕಾಗಿರುತ್ತದೆ. ಆದ್ದರಿಂದಲೇ ವಿದ್ಯಾರ್ಥಿ ಬರುವ ಮೊದಲೇ ಅವನಿಗೋ ಅವಳಿಗೋ ಒಂದು ನಿಜವಾದ ಕೆಲಸವನ್ನೂ, ಆ ಕೆಲಸವನ್ನು ನೋಡಿ ತಿದ್ದಲು ಒಬ್ಬ ಹಿರಿಯ ಎಂಜಿನಿಯರನ್ನೂ ಗೊತ್ತುಮಾಡಿರುತ್ತಾರೆ. ಹಣವಿಲ್ಲದ ಕಡೆ ಇಂಥ ಸಿದ್ಧತೆ ಇರಬಾರದೆಂದೇನೂ ಇಲ್ಲ, ಆದರೆ ಅದು ಇದೆಯೇ ಎಂದು ವಿದ್ಯಾರ್ಥಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಓದಿನ ನಡುವೆ ಸಂಬಳ ಪಡೆದು ಕೆಲಸ ಕಲಿಯುವ ಪದ್ಧತಿ ಹೊಸದಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅವರು 1906ರಲ್ಲಿ ಆರಂಭಿಸಿದ ಸಹಕಾರಿ ಶಿಕ್ಷಣ ಕ್ರಮದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸರದಿಯ ಮೇಲೆ ತರಗತಿಯಲ್ಲಿ ಓದುತ್ತಿದ್ದರು, ಕಾರ್ಖಾನೆಯಲ್ಲಿ ಕೂಲಿ ಪಡೆದು ದುಡಿಯುತ್ತಿದ್ದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಇದೇ ಕ್ರಮವನ್ನು ಆಧಾರವಾಗಿಟ್ಟುಕೊಂಡು ಶುರುವಾಯಿತು. ಅಲ್ಲಿನ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಪದವಿ ಮುಗಿಯುವುದರೊಳಗೆ ಹಲವು ಅವಧಿಗಳನ್ನು ಬೇರೆ ಬೇರೆ ಸಂಸ್ಥೆಗಳಲ್ಲಿ ಕಳೆಯುತ್ತಾರೆ. ಕಲಿಯುವವರಿಗೆ ಹಣ ಕೊಡುವುದು ಸಂಸ್ಥೆಯ ಔದಾರ್ಯವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಈ ಇತಿಹಾಸ ಬಲ್ಲವರಿಗೆ ಹಾಗೆನಿಸಲಾರದು.

ಹುಡುಕಾಟದ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಕಾಲದ ಲೆಕ್ಕ. ದೊಡ್ಡ ಸಂಸ್ಥೆಗಳು ಇಂಟರ್ನ್‌ಗಳ ಸಂಖ್ಯೆಯನ್ನೂ ಹಣವನ್ನೂ ವಾರ್ಷಿಕ ಬಜೆಟ್‌ನಲ್ಲೇ ನಿಗದಿಪಡಿಸಿಕೊಂಡು ಹಲವು ತಿಂಗಳ ಮೊದಲೇ ಅರ್ಜಿ ಕರೆಯುತ್ತವೆ. ಪರೀಕ್ಷೆ ಮುಗಿದ ಮೇಲೆ ನೋಡೋಣವೆಂದು ಕುಳಿತವರಿಗೆ ಆ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಸಣ್ಣ ಸಂಸ್ಥೆಗಳ ರೀತಿಯೇ ಬೇರೆ. ಅಲ್ಲಿ ಕೆಲಸದ ಒತ್ತಡ ಬಂದಾಗ ಆಳು ಬೇಕಾಗುತ್ತದೆ, ಜಾಹೀರಾತು ಕೊಡುವಷ್ಟು ಪುರಸೊತ್ತು ಇರುವುದಿಲ್ಲ, ಆ ಹೊತ್ತಿಗೆ ಇನ್‌ಬಾಕ್ಸ್‌ನಲ್ಲಿ ಒಂದು ಒಳ್ಳೆಯ ಪತ್ರವಿದ್ದರೆ ಅದೇ ಸಾಕಾಗುತ್ತದೆ. ಹೀಗಾಗಿ ದೊಡ್ಡವಕ್ಕೆ ಅವುಗಳ ವೇಳಾಪಟ್ಟಿಯಂತೆ ಅರ್ಜಿ ಹಾಕಿ, ಸಣ್ಣವಕ್ಕೆ ನೇರವಾಗಿ, ಕೆಲಸ ಆರಂಭಿಸಬಹುದಾದ ದಿನಾಂಕಕ್ಕೆ ಒಂದೆರಡು ತಿಂಗಳ ಮುಂಚೆ ಬರೆಯುವುದು ಸೂಕ್ತ.

ಆ ಪತ್ರ ಚಿಕ್ಕದಾಗಿರಲಿ. ಯಾವ ದಿನಾಂಕದಿಂದ ಎಷ್ಟು ವಾರ ಲಭ್ಯರಿದ್ದೀರಿ, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ, ಕಾಲೇಜಿಗೆ ಇದು ಕಡ್ಡಾಯವೇ, ನೀವು ಮಾಡಿ ಮುಗಿಸಿದ ಒಂದು ಕೆಲಸವನ್ನು ಎಲ್ಲಿ ನೋಡಬಹುದು ಎಂಬ ನಾಲ್ಕು ಸಂಗತಿಗಳಿದ್ದರೆ ಓದುವವರು ನಿರ್ಧಾರಕ್ಕೆ ಬರಬಲ್ಲರು. ಬಲ್ಲ ಪ್ರೋಗ್ರಾಮಿಂಗ್ ಭಾಷೆಗಳ ಉದ್ದನೆಯ ಪಟ್ಟಿಯಿಂದ ನನಗಂತೂ ಏನೂ ತಿಳಿಯುವುದಿಲ್ಲ. ಕೋಡ್ ಇಟ್ಟಿರುವ ಗಿಟ್‌ಹಬ್ ಪುಟವನ್ನು ತೆರೆದಾಗ ನಾನು ಮೊದಲು ಓದುವುದು ರೀಡ್‌ಮಿ ಕಡತವನ್ನು: ಈ ಪ್ರೋಗ್ರಾಂ ಏನು ಮಾಡುತ್ತದೆ, ನನ್ನ ಕಂಪ್ಯೂಟರಿನಲ್ಲಿ ಅದನ್ನು ಚಲಾಯಿಸುವುದು ಹೇಗೆ ಎಂದು ಅಲ್ಲಿ ಬರೆದಿದೆಯೇ ಎಂದು ನೋಡುತ್ತೇನೆ. ಆಮೇಲೆ ಕಮಿಟ್‌ಗಳ, ಅಂದರೆ ಕೋಡ್‌ನಲ್ಲಿ ಆಗಾಗ ಮಾಡಿ ದಾಖಲಿಸಿದ ಬದಲಾವಣೆಗಳ, ಇತಿಹಾಸ. ಇಡೀ ಕೋಡ್ ಒಂದೇ ದಿನ ಒಂದೇ ಕಮಿಟ್‌ನಲ್ಲಿ ಬಂದು ಬಿದ್ದಿದ್ದರೆ ಅದು ಹೇಗೆ ಬೆಳೆಯಿತೆಂಬುದು ತಿಳಿಯುವುದಿಲ್ಲ; ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ, ಏನು ಬದಲಾಯಿಸಿದೆ ಮತ್ತು ಏಕೆ ಎಂಬ ಟಿಪ್ಪಣಿಯೊಂದಿಗೆ ಬಂದಿದ್ದರೆ ಆ ವಿದ್ಯಾರ್ಥಿ ತಂಡದಲ್ಲಿ ಹೇಗೆ ಕೆಲಸ ಮಾಡಬಲ್ಲರೆಂಬ ಅಂದಾಜು ಸಿಗುತ್ತದೆ. ಟ್ಯುಟೋರಿಯಲ್ ನೋಡಿ ಬರೆದ ಹವಾಮಾನದ ಆ್ಯಪ್ ನೂರಾರು ಅರ್ಜಿಗಳಲ್ಲಿ ಇರುತ್ತದೆ. ಅದರ ಬದಲು ಇನ್ನೊಬ್ಬರ ಮುಕ್ತ ತಂತ್ರಾಂಶದಲ್ಲಿ (ಯಾರು ಬೇಕಾದರೂ ಕೋಡ್ ನೋಡಿ ಬಳಸಬಹುದಾದ ತಂತ್ರಾಂಶದಲ್ಲಿ) ಒಂದು ಸಣ್ಣ ಬಗ್, ಅಂದರೆ ದೋಷ, ಹುಡುಕಿ, ಸರಿಪಡಿಸಿ, ಆ ಬದಲಾವಣೆಯನ್ನು ಅವರು ಒಪ್ಪುವಂತೆ ಚರ್ಚಿಸಿದ ದಾಖಲೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ, ಏಕೆಂದರೆ ನಮ್ಮ ಕಚೇರಿಯಲ್ಲಿ ದಿನವೂ ನಡೆಯುವುದು ಅದೇ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೋಡ್ ಬರೆದಿದ್ದರೂ ಅಡ್ಡಿಯಿಲ್ಲ. ಸಂದರ್ಶನದಲ್ಲಿ ಯಾವ ಸಾಲಿಗೆ ಬೆರಳಿಟ್ಟರೂ ಅದು ಅಲ್ಲೇಕಿದೆ ಎಂದು ವಿವರಿಸಲು ಬರಬೇಕು.

ಪ್ರೋಗ್ರಾಮಿಂಗ್ ಒಂದನ್ನೇ ನೆಚ್ಚಿಕೊಳ್ಳುವ ಅಗತ್ಯವೂ ಇಲ್ಲ. ಟೆಸ್ಟಿಂಗ್, ನೆಟ್‌ವರ್ಕ್ ನಿರ್ವಹಣೆ, ದತ್ತಾಂಶ ಶುದ್ಧೀಕರಣ, ತಾಂತ್ರಿಕ ಬರವಣಿಗೆ ಮುಂತಾದ ವಿಭಾಗಗಳಿಗೆ ನಮ್ಮಲ್ಲಿ ಅರ್ಜಿಗಳು ಕಡಿಮೆ ಬರುತ್ತವೆ.

ಇನ್ನು ಹಣದ ವಿಚಾರ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮತ್ತು ಇಂಟರ್ನ್‌ಶಿಪ್ ಕಾಲೇಜಿನ ಪಠ್ಯಕ್ರಮದ ಭಾಗವೋ ಅಲ್ಲವೋ ಎಂಬುದೇ ಹಲವೆಡೆ ನಿರ್ಣಾಯಕವಾಗುತ್ತದೆ. ಜರ್ಮನಿಯಲ್ಲಿ ಪಠ್ಯಕ್ರಮದಲ್ಲಿ ಕಡ್ಡಾಯವಾದ ಇಂಟರ್ನ್‌ಶಿಪ್‌ಗೆ ಕನಿಷ್ಠ ವೇತನ ಅನ್ವಯಿಸುವುದಿಲ್ಲ, ವಿದ್ಯಾರ್ಥಿ ತಾನಾಗಿ ಆರಿಸಿಕೊಂಡದ್ದು 3 ತಿಂಗಳು ಮೀರಿದರೆ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲಿ ಪದವಿ ಕೋರ್ಸಿನ ಅಂಗವಾಗಿ 1 ವರ್ಷದವರೆಗೆ ಮಾಡುವ ಕೆಲಸಕ್ಕೆ ಕನಿಷ್ಠ ವೇತನದ ಹಕ್ಕಿಲ್ಲ. ಫ್ರಾನ್ಸಿನಲ್ಲಿ 2 ತಿಂಗಳು ಮೀರಿದ ಇಂಟರ್ನ್‌ಶಿಪ್‌ಗೆ ಭತ್ಯೆ ಕಡ್ಡಾಯ. ಅಮೆರಿಕದಲ್ಲಿ ಲಾಭಕ್ಕಾಗಿ ನಡೆಯುವ ಸಂಸ್ಥೆ ಹಣ ಕೊಡದೆ ಇಂಟರ್ನ್ ಇಟ್ಟುಕೊಂಡಾಗ ಆ ಏರ್ಪಾಟಿನ ಮುಖ್ಯ ಪ್ರಯೋಜನ ವಿದ್ಯಾರ್ಥಿಗೆ ಆಗುತ್ತಿದೆಯೋ ಸಂಸ್ಥೆಗೆ ಆಗುತ್ತಿದೆಯೋ ಎಂದು ತೂಗಿ ನೋಡುವ ಪರೀಕ್ಷೆಯನ್ನು 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ರೂಪಿಸಿತು. 2018ರಲ್ಲಿ ಕಾರ್ಮಿಕ ಇಲಾಖೆಯೂ ಅದನ್ನು ಅಂಗೀಕರಿಸಿತು. ಭಾರತದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರಿಗೆ ಕನಿಷ್ಠ ಭತ್ಯೆ ನಿಗದಿಯಾಗಿದೆ, ಆದರೆ ಸಾಮಾನ್ಯವಾಗಿ ನಡೆಯುವ ಕಾಲೇಜು ಇಂಟರ್ನ್‌ಶಿಪ್‌ಗಳು ಆ ಕಾಯ್ದೆಯಡಿ ಬರುವುದಿಲ್ಲ. ಅಮೆರಿಕದ ಆ ಪರೀಕ್ಷೆ ಯಾವ ದೇಶದ ವಿದ್ಯಾರ್ಥಿಗೂ ಸ್ವಂತ ವಿವೇಚನೆಗೆ ಉಪಯುಕ್ತವಾದುದು: ನಾನು ಇಲ್ಲಿ ಕಲಿಯುತ್ತಿದ್ದೇನೆಯೇ, ಇಲ್ಲವೇ ಸಂಬಳದವರು ಮಾಡಬೇಕಾದ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದೇನೆಯೇ?

ಸಂಸ್ಥೆ ಹೇಳಿದ ಮೊತ್ತವನ್ನು ಹಾಗೆಯೇ ಹೋಲಿಸಬಾರದು. ತಿಂಗಳ ಭತ್ಯೆಯಿಂದ ತೆರಿಗೆ ಮತ್ತಿತರ ಕಡಿತಗಳನ್ನೂ, ಪ್ರಯಾಣದ ಖರ್ಚನ್ನೂ, ಬೇರೆ ಊರಾದರೆ ಬಾಡಿಗೆಯನ್ನೂ ಕಳೆದು, ಉಳಿದದ್ದನ್ನು ಆ ತಿಂಗಳು ದುಡಿಯುವ ಗಂಟೆಗಳಿಂದ ಭಾಗಿಸಬೇಕು. ವಾರಕ್ಕೆ 20 ಗಂಟೆಗಳ, ಮನೆಯಿಂದಲೇ ಮಾಡಬಹುದಾದ ಕೆಲಸದ ಭತ್ಯೆ ವಾರಕ್ಕೆ 40 ಗಂಟೆಗಳ, ದೂರದ ಊರಿನ ಕೆಲಸಕ್ಕಿಂತ ಅರ್ಧವಿದ್ದರೂ ಕೈಗೆ ಉಳಿಯುವುದು ಹೆಚ್ಚಿರಬಹುದು. ಸ್ವಂತ ತಂತ್ರಾಂಶ ತಯಾರಿಸುವ ದೊಡ್ಡ ಉತ್ಪನ್ನ ಸಂಸ್ಥೆಗಳು ಹೊಸದಾಗಿ ಸೇರುವ ಎಂಜಿನಿಯರ್‌ಗಳ ಸಂಬಳವನ್ನು ಅಳತೆಗೋಲಾಗಿ ಇಟ್ಟುಕೊಂಡು ಇಂಟರ್ನ್‌ಗಳಿಗೂ ಉದಾರವಾಗಿ ಕೊಡುವುದುಂಟು. ಬೇರೆ ಸಂಸ್ಥೆಗಳಿಗಾಗಿ ಕೆಲಸ ಮಾಡಿಕೊಡುವ ಸೇವಾ ಸಂಸ್ಥೆಗಳಲ್ಲಿ, ಹೊಸ ಸ್ಟಾರ್ಟಪ್‌ಗಳಲ್ಲಿ ಸಾಮಾನ್ಯವಾಗಿ ಖರ್ಚು ತೂಗುವಷ್ಟು ಭತ್ಯೆ ಇರುತ್ತದೆ. ದೊಡ್ಡ ಕಡೆ ಮೊತ್ತ ನಿಗದಿಯಾಗಿರುವುದರಿಂದ ಚೌಕಾಸಿಗೆ ಎಡೆಯಿಲ್ಲ. ಸಣ್ಣ ಕಡೆ ಎಡೆಯಿದೆ, ಆದರೆ ಅಲ್ಲಿಯೂ ಮೊತ್ತ ಹೆಚ್ಚಿಸಿ ಎನ್ನುವುದಕ್ಕಿಂತ ಗಂಟೆಗಳನ್ನು ಕಡಿಮೆ ಮಾಡಿ, ಪ್ರಯಾಣದ ಖರ್ಚು ಕೊಡಿ, ಅರ್ಧ ಅವಧಿ ಮುಗಿದಾಗ ಕೆಲಸ ನೋಡಿ ಭತ್ಯೆಯನ್ನು ಮರುಪರಿಶೀಲಿಸಿ ಎಂದು ಕೇಳಿದವರಿಗೆ ಒಪ್ಪಿಗೆ ಸಿಗುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಕೇಳುವ ಸಮಯವೂ ಮುಖ್ಯ: ಮೊದಲ ಸಂದರ್ಶನದ ಕೊನೆಗೆ, ಕೆಲಸದ ಸ್ವರೂಪ ತಿಳಿದ ಬಳಿಕ, "ಈ ಅವಧಿಗೆ ಭತ್ಯೆ ಎಷ್ಟು, ಯಾವಾಗ ಪಾವತಿಯಾಗುತ್ತದೆ?" ಎಂದು ನೇರವಾಗಿ ಕೇಳಿ. ಅದನ್ನು ತಪ್ಪೆಂದು ಭಾವಿಸುವ ಸಂಸ್ಥೆಯಲ್ಲಿ ಮುಂದೆ ಬೇರೆ ಪ್ರಶ್ನೆಗಳನ್ನು ಕೇಳುವುದೂ ಕಷ್ಟವಾಗುತ್ತದೆ.

ಸ್ಥಳೀಯವಾಗಿ ಅವಕಾಶ ಸಿಗದವರು ಗೂಗಲ್ 2005ರಿಂದ ನಡೆಸುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್ ಅನ್ನು ಗಮನಿಸಬೇಕು. ಅದನ್ನು ಗೂಗಲ್ ಉದ್ಯೋಗವೆಂದು ಪರಿಗಣಿಸುವುದಿಲ್ಲ. ಮುಕ್ತ ತಂತ್ರಾಂಶ ಸಂಘಟನೆಯೊಂದರ ಮಾರ್ಗದರ್ಶಕರ ಕೈಕೆಳಗೆ ಸುಮಾರು 90, 175 ಅಥವಾ 350 ಗಂಟೆಗಳ ಯೋಜನೆಯೊಂದನ್ನು ಮುಗಿಸಿಕೊಡಬೇಕು. ಭತ್ಯೆ ಯೋಜನೆಯ ಗಾತ್ರವನ್ನೂ, ವಿದ್ಯಾರ್ಥಿ ಇರುವ ದೇಶದ ಕೊಳ್ಳುವ ಶಕ್ತಿಯನ್ನೂ ಅವಲಂಬಿಸಿರುತ್ತದೆ, ಮಧ್ಯಂತರ ಮತ್ತು ಅಂತಿಮ ಮೌಲ್ಯಮಾಪನದಲ್ಲಿ ತೇರ್ಗಡೆಯಾದಂತೆ ಕೈಸೇರುತ್ತದೆ. ತಂತ್ರಜ್ಞಾನ ಕ್ಷೇತ್ರದಲ್ಲಿ ಕಡಿಮೆ ಪ್ರಾತಿನಿಧ್ಯವಿರುವವರಿಗಾಗಿ ನಡೆಯುವ ಔಟ್‌ರೀಚಿ ಎಂಬ ಕಾರ್ಯಕ್ರಮ ಎಲ್ಲ ದೇಶದವರಿಗೂ ಒಂದೇ ಮೊತ್ತವನ್ನು, ಅಂದರೆ 7,000 ಡಾಲರ್‌ಗಳನ್ನು, ನೀಡುತ್ತ ಬಂದಿದೆ. ಎರಡರಲ್ಲಿಯೂ ಆಯ್ಕೆಗೆ ಮುನ್ನವೇ ಆಯಾ ಯೋಜನೆಗೆ ಸಣ್ಣ ಕೊಡುಗೆ ನೀಡಿ ಪರಿಚಿತರಾದವರಿಗೆ ಹೆಚ್ಚು ಅವಕಾಶ.

ಈ ಎರಡೂ ವಿದ್ಯಾರ್ಥಿಯಿಂದ ಹಣ ಪಡೆಯುವುದಿಲ್ಲ ಎಂಬುದನ್ನು ನೆನಪಿಡಬೇಕು, ಏಕೆಂದರೆ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪಿಗೆ ಠೇವಣಿ, ಪ್ರಮಾಣಪತ್ರದ ಶುಲ್ಕ ಎಂದು ನಾನಾ ಹೆಸರುಗಳಲ್ಲಿ ವಿದ್ಯಾರ್ಥಿಯಿಂದಲೇ ಹಣ ಕೀಳುವವರು ಈ ಕ್ಷೇತ್ರದಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ಕೆಲವರು ಸಂದರ್ಶನವನ್ನೇ ಮಾಡದೆ ಆಫರ್ ಪತ್ರ ಕಳುಹಿಸುತ್ತಾರೆ. ಹಣ ಕೊಟ್ಟು ಪಡೆದ ಪ್ರಮಾಣಪತ್ರವನ್ನು ನೇಮಕಾತಿಯಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಥ ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಹೆಸರುಗಳು ನೇಮಕ ಮಾಡುವವರಿಗೆ ಬೇಗನೆ ಪರಿಚಿತವಾಗಿಬಿಡುತ್ತವೆ. ಅನುಮಾನವಿದ್ದರೆ ನಿಮ್ಮ ಕೆಲಸವನ್ನು ನೋಡುವವರ ಹೆಸರೇನು, ಅವರೊಡನೆ ಹತ್ತು ನಿಮಿಷ ಮಾತನಾಡಬಹುದೇ ಎಂದು ಕೇಳಿ. ಅಸಲಿ ಸಂಸ್ಥೆಗೆ ಈ ಕೋರಿಕೆ ಕಷ್ಟದ್ದಲ್ಲ.

ಸೇರುವ ಮುನ್ನ ಎಲ್ಲವೂ ಲಿಖಿತವಾಗಿರಲಿ: ಆರಂಭ ಮತ್ತು ಮುಕ್ತಾಯದ ದಿನಾಂಕ, ವಾರದ ಗಂಟೆಗಳು, ಭತ್ಯೆ ಮತ್ತು ಪಾವತಿಯ ದಿನ, ಪರೀಕ್ಷೆಗೆ ರಜೆ, ನಡುವೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದು. ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಟ್ಟುಬರಬೇಡಿ. ಪ್ರತಿಗಳನ್ನು ಕೊಟ್ಟು ಮೂಲವನ್ನು ತೋರಿಸಿದರೆ ಸಾಕು. ಇಂಟರ್ನ್‌ಶಿಪ್ ಬಳಿಕ ಇಂತಿಷ್ಟು ವರ್ಷ ಅಲ್ಲೇ ದುಡಿಯಬೇಕೆಂಬ ಷರತ್ತಿದ್ದರೆ ಭವಿಷ್ಯದ ಸಂಬಳವನ್ನು ಪತ್ರದಲ್ಲಿ ನಮೂದಿಸದೆ ಸಹಿ ಹಾಕಬೇಡಿ. ಸಂಸ್ಥೆಗಾಗಿ ಬರೆದ ಕೋಡ್ ಸಾಮಾನ್ಯವಾಗಿ ಸಂಸ್ಥೆಯದೇ ಆಗಿರುತ್ತದೆ, ಅದನ್ನು ಸ್ವಂತ ಪುಟಕ್ಕೆ ಹಾಕುವುದು ಒಪ್ಪಂದದ ಉಲ್ಲಂಘನೆಯಾಗಬಹುದು. ಆದ್ದರಿಂದ ಕೊನೆಯ ವಾರದಲ್ಲಿ ಮೇಲ್ವಿಚಾರಕರ ಬಳಿ ಕುಳಿತು, ಮಾಡಿದ ಕೆಲಸವನ್ನು ರೆಸ್ಯೂಮೆಯಲ್ಲಿ ಯಾವ ಮಾತುಗಳಲ್ಲಿ ವಿವರಿಸಬಹುದೆಂದು ಕೇಳಿ ಬರೆದುಕೊಳ್ಳಿ, ಅನುಭವ ಪತ್ರದಲ್ಲಿಯೂ ಆ ಕೆಲಸದ ವಿವರ ಇರುವಂತೆ ಕೋರಿಕೊಳ್ಳಿ. ಹಾಜರಿಯನ್ನಷ್ಟೇ ದೃಢೀಕರಿಸುವ ಪತ್ರಕ್ಕಿಂತ ನೀವು ಬರೆದ ಯಾವ ಭಾಗ ಬಳಕೆಗೆ ಬಂತೆಂದು ಹೇಳುವ ಎರಡು ಸಾಲಿನ ಪತ್ರವನ್ನು ಮುಂದಿನ ಸಂದರ್ಶಕರು ಹೆಚ್ಚು ಗಮನವಿಟ್ಟು ಓದುತ್ತಾರೆ.