ನಾಲ್ಕರಲ್ಲಿ ಒಂದು ಎಂದರೆ ಪಾಳಿಯಲ್ಲ

“ಮೊದಲನೆಯದಕ್ಕೆ ಹೀಗಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಅಲ್ಲವೇ ಸಾಹೇಬರೇ?” ಥಲಸ್ಸೇಮಿಯಾ ಎಂಬ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ ಇರುವ ಮಗುವಿಗೆ ರಕ್ತ ಹಾಕಿಸಲು ಸುತ್ತಲಿನ ತಾಲ್ಲೂಕುಗಳಿಂದ ಬಾಗಲಕೋಟೆಗೆ ಬರುವ ತಂದೆತಾಯಂದಿರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಹೇಳಿದ್ದನ್ನು ಅವರು ಪಾಳಿ ಎಂದು ತಿಳಿದಿರುತ್ತಾರೆ.

ಆಗ ಕಾಗದದ ಮೇಲೆ ನಾಲ್ಕು ಮನೆಗಳ ಚೌಕ ಬರೆಯುತ್ತೇನೆ. ಹಿಮೋಗ್ಲೋಬಿನ್ನಿಗೆ ಬೇಕಾದ ಈ ಜೀನ್ ನಮ್ಮಲ್ಲಿ ಜೋಡಿಯಾಗಿರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಸರಿ ಇರುವುದಕ್ಕೆ ‘ಸ’, ದೋಷವಿರುವುದಕ್ಕೆ ‘ದ’. ತಂದೆಯ ಸ, ದ ಮೇಲೆ. ತಾಯಿಯ ಸ, ದ ಪಕ್ಕಕ್ಕೆ. ಮನೆ ತುಂಬಿದರೆ ಸಸ, ಸದ, ದಸ, ದದ. ನಡುವಿನ ಇಬ್ಬರು ತಂದೆತಾಯಿಯಂತೆಯೇ ವಾಹಕರು, ಅಂದರೆ ಒಂದೇ ‘ದ’ ಹೊತ್ತವರು, ಕಾಯಿಲೆಯವರಲ್ಲ. ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕಾಗುವುದು ದದ ಮಗುವಿಗೆ. ಪ್ರತಿ ಬಸಿರಿಗೂ ಈ ಚೌಕ ಹೊಸದಾಗಿ ತೆರೆಯುತ್ತದೆ. ಹಿಂದಿನ ಮಗುವಿನ ಲೆಕ್ಕ ಮುಂದಕ್ಕೆ ಬರುವುದಿಲ್ಲ.

ಸಾಧ್ಯವಾದರೆ ಅತ್ತೆಯನ್ನೂ ಕೂರಿಸಿಕೊಂಡೇ ಇದನ್ನು ತೋರಿಸುತ್ತೇನೆ. ದದ ಆಗಬೇಕಾದರೆ ಒಂದು ‘ದ’ ಮಗನಿಂದಲೂ ಬಂದಿರಲೇಬೇಕು. ಸೊಸೆಯೊಬ್ಬಳ ಮೇಲೆ ಹೊರಿಸಿದ ತಪ್ಪು ಆ ಮೇಜಿನ ಮುಂದೆಯೇ ಇಳಿಯಬೇಕು.

ಇನ್ನು, ಕಾಯಿಲೆಯ ಮಗುವಿಗೆ ಆರೋಗ್ಯವಾಗಿರುವ ಅಕ್ಕನಿದ್ದರೆ, ಅವಳ ವಿಷಯ. ಅವಳು ವಾಹಕಳಾಗಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಓದಿದವರೂ ಹೇಳುತ್ತಾರೆ. ಆದರೆ ಕಾಯಿಲೆ ಇಲ್ಲವೆಂದ ಮೇಲೆ ದದ ಮನೆಯನ್ನು ಹೊಡೆದುಹಾಕಬೇಕು; ಉಳಿದ ಮೂರರಲ್ಲಿ ಎರಡು ವಾಹಕ. ನಮ್ಮ ಕಡೆ ಅವಳನ್ನು ಸೋದರಮಾವನಿಗೆ ಕೊಡುವ ಮಾತು ಬಂದೇ ಬರುತ್ತದೆ. ತಾಯಿ ವಾಹಕಳಾದ್ದರಿಂದ ಅವಳ ತಮ್ಮನೂ ವಾಹಕನಾಗಿರುವ ಸಾಧ್ಯತೆ, ಅವರ ತಂದೆತಾಯಿಯಲ್ಲಿ ಒಬ್ಬರೇ ವಾಹಕರಾಗಿದ್ದರೆ, ಎರಡರಲ್ಲಿ ಒಂದು. ಮೂರನೇ ಎರಡು, ಅರ್ಧ, ಕಾಲು, ಇವನ್ನು ಗುಣಿಸಿ: ಹುಟ್ಟುವ ಮಗುವಿಗೆ ಕಾಯಿಲೆಯ ಸಾಧ್ಯತೆ ಹನ್ನೆರಡರಲ್ಲಿ ಒಂದು. ಮದುವೆಯ ಮಾತುಕತೆಯಲ್ಲಿ ಜಾತಕಕ್ಕೆ ಕೊಡುವಷ್ಟು ಹೊತ್ತನ್ನು ಈ ಲೆಕ್ಕಕ್ಕೂ ಕೊಡಿ ಎಂದು ಬೇಡಿಕೊಳ್ಳುತ್ತೇನೆ.

ಪರೀಕ್ಷೆ ಮಾಡಿಸಿದರೆ ಊಹೆ ಬೇಕಿಲ್ಲ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಎ2 ಎಂಬ ಬಗೆ ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೇ. ವಾಹಕರ ಕೆಂಪು ಕಣಗಳು ಚಿಕ್ಕವಾಗಿರುವುದರಿಂದ ಕಬ್ಬಿಣದ ಕೊರತೆ ಎಂದು ಭಾವಿಸಿ ತಿಂಗಳುಗಟ್ಟಲೆ ಟಾನಿಕ್ ಕುಡಿಸುವುದನ್ನು ನೋಡಿದ್ದೇನೆ. ಟಾನಿಕ್ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಈ ಪರೀಕ್ಷೆಯನ್ನು ಕೇಳಿ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ ಬಸಿರಿನ 11ನೇ ವಾರದ ಹೊತ್ತಿಗೆ ಮಗುವಿನ ಜೀನನ್ನೇ ಪರೀಕ್ಷಿಸಬಹುದು. ಆದ್ದರಿಂದ ಮುಟ್ಟು ನಿಂತ ತಿಂಗಳೇ ಬನ್ನಿ, ಗಂಡನನ್ನೂ ಕರೆದುಕೊಂಡು ಬನ್ನಿ.